ನೋಡದಿರುವುದರ ಬೆಲೆ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ದಿಘಿ, ಶೇಖಾಡಿ ಎಂಬ ಕಡಲೂರುಗಳಿಗೆ ಕಳ್ಳಮಾಲು ಹೊಸದಾಗಿರಲಿಲ್ಲ. ಕೊಲ್ಲಿಯ ಕಡೆಯಿಂದ ಬಂದ ಬೆಳ್ಳಿ ಗಟ್ಟಿ ಕತ್ತಲಲ್ಲಿ ದಡ ಮುಟ್ಟುತ್ತಿತ್ತು. ಹೊತ್ತವರಿಗೆ ಕೂಲಿ, ಲಾರಿಗೆ ಬಾಡಿಗೆ, ಕಸ್ಟಮ್ಸ್‌ನವರಿಗೂ ಪೊಲೀಸರಿಗೂ ಮಾಮೂಲು. 1993ರ ಜನವರಿ, ಫೆಬ್ರವರಿಯಲ್ಲಿ ಅದೇ ದಾರಿಯಲ್ಲಿ, ಅದೇ ಜನರ ಕೈಯಿಂದ ಬಂದೂಕು, ಗ್ರೆನೇಡು, ಆರ್‌ಡಿಎಕ್ಸ್ ಇಳಿದವು. ಮಾರ್ಚ್ 12ರ ಶುಕ್ರವಾರ ಮುಂಬೈಯ ಷೇರುಪೇಟೆ, ಏರ್ ಇಂಡಿಯಾ ಕಟ್ಟಡ, ಝವೇರಿ ಬಜಾರು ಹೀಗೆ ಒಂದಾದ ಮೇಲೊಂದು ಸ್ಫೋಟ. ಸತ್ತವರು 257.

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಮುಖ್ಯ ಆರೋಪಿಗಳಾದ ದಾವೂದ್ ಇಬ್ರಾಹಿಂ, ಟೈಗರ್ ಮೆಮನ್‌ರಲ್ಲ, ದಾರಿ ಬಿಟ್ಟುಕೊಟ್ಟ ಕಾವಲು. ಜನವರಿಯಲ್ಲಿ ಸರಕು ಇಳಿದ ರಾತ್ರಿ ಗೊಂಡ್‌ಘರ್ ಎಂಬಲ್ಲಿ ಪೊಲೀಸರು ಲಾರಿಗಳನ್ನು ತಡೆದಿದ್ದರು. ಅಂದರೆ ಕಾವಲು ಇತ್ತು, ಎಚ್ಚರವಾಗಿಯೇ ಇತ್ತು. ಚೌಕಾಸಿ ನಡೆಯಿತು. ಕೈಯಲ್ಲಿ ಅಷ್ಟು ನಗದಿಲ್ಲವೆಂದು ಬೆಳ್ಳಿ ಗಟ್ಟಿಗಳನ್ನೇ ಒತ್ತೆ ಇಡಲಾಯಿತು, ಲಾರಿ ಮುಂದೆ ಹೋಯಿತು. ಮುಂದೆ ಪೊಲೀಸರಿಗೂ ಕಸ್ಟಮ್ಸ್ ಅಧಿಕಾರಿಗಳಿಗೂ ಶಿಕ್ಷೆಯಾಯಿತು.

ಲಂಚ ತಿಂದವನು ಮಾರುವುದು ಸರಕನ್ನಲ್ಲ, ತನ್ನ ಕಣ್ಣನ್ನು. ಒಳಗೇನಿದೆ ಎಂದು ಬಿಚ್ಚಿ ನೋಡುವ ಅಧಿಕಾರಕ್ಕೇ ಬೆಲೆ ಕಟ್ಟಿದ ಮೇಲೆ, ಇದು ಬೆಳ್ಳಿ, ಇದು ಬಾಂಬು ಎಂಬ ಭೇದ ಉಳಿಯುವುದೆಲ್ಲಿ? ಕಳ್ಳಸಾಗಣೆದಾರನಿಗೆ ಬೇಕಿರುವುದು ಲಾಭ, ಭಯೋತ್ಪಾದಕನಿಗೆ ಬೇಕಿರುವುದು ನಾಶ. ಸರ್ಕಾರ, ಮಾರುಕಟ್ಟೆ ನೆಟ್ಟಗಿದ್ದರೇ ಮೊದಲನೆಯವನ ಬದುಕು. ಇಬ್ಬರ ಗುರಿಯೂ ಬೇರೆ ಎಂಬ ಕಾರಣಕ್ಕೇ ಇಬ್ಬರನ್ನೂ ಬೇರೆ ಬೇರೆ ಕಡತಗಳಲ್ಲಿಟ್ಟು ಬೇರೆ ಬೇರೆ ಇಲಾಖೆಗಳಿಗೆ ಒಪ್ಪಿಸುತ್ತೇವೆ. ದಾರಿ ಮಾತ್ರ ಒಂದೇ. ವರ್ಷಗಟ್ಟಲೆ ಸವೆಸಿ ನಂಬಿಕೆ ಗಳಿಸಿದ ದಾರಿ.

ಆ ದಾರಿಗೆ ನಾವೂ ಗಿರಾಕಿಗಳೇ. ಕರಾವಳಿಯ ನಮ್ಮ ಮನೆಗಳಲ್ಲಿ ‘ಫಾರಿನ್’ ವಾಚು, ಟ್ರಾನ್ಸಿಸ್ಟರ್ ಇದ್ದರೆ ನಾಲ್ಕು ಜನಕ್ಕೆ ತೋರಿಸಿಕೊಳ್ಳುತ್ತಿದ್ದರೇ ಹೊರತು ಬಿಲ್ಲೆಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಚಿನ್ನವಂತೂ ಕೇಳಲೇಬಾರದು. ಹಾಗೆಂದು ಮದುವೆ ಮನೆಯ ಬಳೆಗೂ ಬಾಂಬಿಗೂ ನೇರ ಗಂಟು ಹಾಕಿದರೆ ಅದು ಉಪದೇಶವಾದೀತು. ಕಳ್ಳಸಾಗಣೆ ಎಷ್ಟು ನಡೆಯಬೇಕೆಂಬುದು ಬಹುಮಟ್ಟಿಗೆ ದಿಲ್ಲಿಯಲ್ಲೇ ತೀರ್ಮಾನವಾಗುತ್ತದೆ. 1990ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಯಿತು, ಬಳಿಕ ಆಮದಿನ ಬಾಗಿಲು ತೆರೆಯಿತು, ಹಳೆಯ ದಂಧೆಯ ಲಾಭ ಕರಗಿತು. 2013ರಲ್ಲಿ ಸುಂಕ ಶೇ 10ಕ್ಕೇರಿದ್ದೇ ತಡ, ವಿಮಾನ ನಿಲ್ದಾಣಗಳಲ್ಲಿ ಚಿನ್ನ ಮತ್ತೆ ಸಿಕ್ಕಿಬೀಳತೊಡಗಿತು. ಮುಂದೆ ಶೇ 15ಕ್ಕೇರಿದ್ದ ಸುಂಕವನ್ನು 2024ರಲ್ಲಿ ಶೇ 6ಕ್ಕೆ ಇಳಿಸುವಾಗ ನಡೆದ ಚರ್ಚೆಯಲ್ಲಿ ಆಭರಣದ ಬೆಲೆ ಕೇಳಿಸಿದಷ್ಟು ಭದ್ರತೆಯ ಮಾತು ಕೇಳಿಸಲಿಲ್ಲ.

2008ರಲ್ಲಿ ಹತ್ತು ಮಂದಿ ಭಯೋತ್ಪಾದಕರು ‘ಕುಬೇರ್’ ಎಂಬ ಮೀನುಗಾರಿಕಾ ದೋಣಿಯನ್ನು ವಶಪಡಿಸಿಕೊಂಡು ಮತ್ತೆ ಸಮುದ್ರದಿಂದಲೇ ಮುಂಬೈಗೆ ಬಂದರು. ಆಮೇಲೆ ಕರಾವಳಿ ಠಾಣೆಗಳು, ರೇಡಾರುಗಳು, ಮೀನುಗಾರರಿಗೆ ಬೆರಳಚ್ಚಿನ ಗುರುತಿನ ಚೀಟಿ. ಬೇಡವೆನ್ನಲಾರೆ. ಆದರೆ ಗುರುತು ತೋರಿಸುವ ಹೊಣೆ ಬಿದ್ದದ್ದು ಬಲೆ ಬೀಸುವವನ ಮೇಲೆ. ತಡೆದ ಲಾರಿಯನ್ನು ಬಿಟ್ಟವರಿಗೆ ಮೇಲಿನಿಂದ ಅಭಯ ಕೊಡುವವರು ಯಾರು ಎಂಬ ಪ್ರಶ್ನೆಗೆ 1993ರಲ್ಲೇ ಎನ್.ಎನ್. ವೋಹ್ರಾ ಸಮಿತಿ ಕೈಹಾಕಿತ್ತು: ಪಾತಕಿಗಳು, ಅಧಿಕಾರಿಗಳು, ರಾಜಕಾರಣಿಗಳ ನಂಟು. 1995ರಲ್ಲಿ ಅದರ ವರದಿಯೆಂದು ಸಂಸತ್ತಿನ ಮುಂದೆ ಬಂದದ್ದು ಕೆಲವೇ ಪುಟ. ಅನುಬಂಧಗಳು ಹೊರಬರಲೇ ಇಲ್ಲ.