ಒಳಗೆ ಹೋಗುವ ದಾರಿ, ಹೊರಗೆ ಬರುವ ದಾರಿ

ತಾಯಿ ಚಾಮುಂಡೇಶ್ವರಿಯ ಬೆಟ್ಟಕ್ಕೆ ಪುಟ್ಟ ಮಕ್ಕಳನ್ನು ಕರೆದುಕೊಂಡು ಬರುವ ಭಕ್ತಾದಿಗಳು ಅನೇಕ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹೋಗುವ ತಾಯಿಯ ಸೆರಗು ಹಿಡಿದು ಮಗುವೂ ಹತ್ತುತ್ತದೆ. ಆಷಾಢ ಶುಕ್ರವಾರದ ಜನಜಂಗುಳಿಯಲ್ಲಿ ಆ ಸೆರಗು ಒಂದು ಕ್ಷಣ ಕೈತಪ್ಪಿದರೆ ಮಗು ಏನು ಮಾಡಬೇಕು?

ಹೀಗೆ ಕೇಳಿದರೆ ಕೆಲವು ಹಿರಿಯರಿಗೆ ಬೇಸರವಾಗುತ್ತದೆ. "ಅಪಶಕುನದ ಮಾತು ಯಾಕೆ? ಅಮ್ಮನೋರು ಇದ್ದಾರೆ, ನೋಡ್ಕೋತಾರೆ" ಅಂತಾರೆ. ಮಾತು ಸುಳ್ಳಲ್ಲ. ಆದರೆ ಬೆಟ್ಟದ ಮೇಲೆ ದೀಪ ಹಚ್ಚಿದವರೂ ಗಾಳಿಗೆ ಕೈ ಅಡ್ಡ ಹಿಡಿಯುತ್ತಾರೆ. ಅದು ಅಪನಂಬಿಕೆಯಲ್ಲ, ದೀಪದ ಮೇಲಿನ ಪ್ರೀತಿ. ಮಗುವಿಗೆ ಎಚ್ಚರ ಕಲಿಸುವುದೂ ಹಾಗೆಯೇ.

ಅಭಿಮನ್ಯುವಿನ ಕಥೆ ಎಲ್ಲರಿಗೂ ಗೊತ್ತು. ತಾಯಿಯ ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಒಳಗೆ ನುಗ್ಗುವ ವಿದ್ಯೆ ಕೇಳಿಸಿಕೊಂಡ. ಅಷ್ಟರಲ್ಲಿ ತಾಯಿಗೆ ನಿದ್ದೆ ಬಂತು, ಹೊರಗೆ ಬರುವ ವಿದ್ಯೆ ಅರ್ಧಕ್ಕೇ ನಿಂತಿತು. ಹುಡುಗನಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಕೊರತೆ ಇದ್ದದ್ದು ಪಾಠದಲ್ಲಿ.

ಇಂದಿಗೂ ಮನೆಮನೆಯಲ್ಲಿ ಅರ್ಧ ಪಾಠವೇ ನಡೆಯುತ್ತಿದೆ. "ದೊಡ್ಡವರ ಮಾತು ಕೇಳು, ಕರೆದರೆ ಹೋಗು, ಕೊಟ್ಟಿದ್ದು ತಗೋ, ಎದುರು ಮಾತಾಡಬೇಡ." ಇವೆಲ್ಲ ಒಳಗೆ ಹೋಗುವ ದಾರಿ. "ಬೇಡ ಅನ್ನು, ಕೂಗು, ಓಡಿ ಬಂದು ಹೇಳು" ಎಂಬ ಹೊರಗೆ ಬರುವ ದಾರಿಯನ್ನು ಹೇಳಿಕೊಡುವವರು ಕಡಿಮೆ. ವಿಧೇಯ ಮಗು ಹಿರಿಯರ ಅಪ್ಪಣೆಗೆ ಕಾಯುತ್ತದೆ. ಅಪಾಯದ ಹೊತ್ತಿಗೆ ಅಪ್ಪಣೆ ಕೊಡುವವರೇ ಪಕ್ಕದಲ್ಲಿ ಇರೋದಿಲ್ಲ. ಆಗ ಮಗುವನ್ನು ಕಾಯುವುದು ಅದರದ್ದೇ ವಿವೇಕ.

ಈ ವಿವೇಕಕ್ಕೆ ಬೇರೆ ಪಾಠಶಾಲೆ ಬೇಕಿಲ್ಲ. ಬಸ್ಸಿನಲ್ಲಿ ಕೂತಾಗ ಮಗ್ಗಿಯ ಹಾಗೆ ರಾಗವಾಗಿ ಅಪ್ಪನ ಫೋನ್ ನಂಬರ್ ಹೇಳಿಸಬಹುದು. ನಾಲ್ಕೈದು ವರ್ಷದ ಎಷ್ಟೋ ಮಕ್ಕಳಿಗೆ ತಾಯಿಯ ಹೆಸರು "ಅಮ್ಮ" ಅಂತ ಮಾತ್ರ ಗೊತ್ತು. ಹುಡುಕಿಕೊಡುವವರಿಗೆ ಅದು ಸಾಲದು. ನಿಜವಾದ ಹೆಸರನ್ನೂ ಊರಿನ ಹೆಸರನ್ನೂ ಕಲಿಸಬೇಕು. ಸಂತೆಯಲ್ಲೋ ಜಾತ್ರೆಯಲ್ಲೋ "ನಾವು ಕಾಣದಿದ್ದರೆ ಹುಡುಕಿಕೊಂಡು ಹೋಗಬೇಡ. ಪಕ್ಕಕ್ಕೆ ಸರಿದು ಅಲ್ಲೇ ನಿಂತು ಕೂಗು, ನಾವೇ ಬರ್ತೀವಿ" ಅಂತ ಆಟವಾಡಿಸಿ ಅಭ್ಯಾಸ ಮಾಡಿಸಬೇಕು. ಇಬ್ಬರೂ ಹುಡುಕುತ್ತಾ ನಡೆದರೆ ದೂರವಾಗುತ್ತಾರೆ, ಒಬ್ಬರು ನಿಂತರೆ ಇನ್ನೊಬ್ಬರಿಗೆ ಸಿಗುತ್ತಾರೆ. ಸಹಾಯ ಕೇಳುವುದಾದರೆ ಪೊಲೀಸರನ್ನೋ, ಮಕ್ಕಳನ್ನು ಕರೆತಂದಿರುವ ತಾಯಿಯನ್ನೋ ಕೇಳಲಿ. ಪುಣ್ಯಕೋಟಿ ಹುಲಿಯ ಬಳಿಗೆ ಹೊರಡುವ ಮೊದಲು ಕರುವನ್ನು ಒಪ್ಪಿಸಿದ್ದು ಉಳಿದ ಹಸುಗಳಿಗೇ ಅಲ್ಲವೇ?

ಸಂಜೆ ದೀಪ ಹಚ್ಚುವ ಹೊತ್ತು ಇನ್ನೊಂದು ಪಾಠಕ್ಕೆ ಒಳ್ಳೆಯ ಸಮಯ. ಬಟ್ಟೆಗೆ ಬೆಂಕಿ ತಾಗಿದರೆ ಮಗು ಹೆದರಿ ಓಡುತ್ತದೆ. ಓಡಿದರೆ ಗಾಳಿ ಸಿಕ್ಕಿ ಉರಿ ಹೆಚ್ಚುತ್ತದೆ. "ನಿಲ್ಲು, ಮಲಗು, ಮುಖ ಮುಚ್ಚಿಕೊಂಡು ಉರುಳು" ಅಂತ ಚಾಪೆಯ ಮೇಲೆ ಉರುಳಿಸಿ ತೋರಿಸಿದರೆ, ಉರುಳುಸೇವೆ ನೋಡಿದ ಮಗು ನಗುನಗುತ್ತಾ ಕಲಿಯುತ್ತದೆ. ಬೆಟ್ಟದ ಕೋತಿಗಳ ಮುಂದೆ ಓಡಬಾರದು, ಹಲ್ಲು ಕಿರಿಯಬಾರದು, ಕಸಿಯಲು ಬಂದರೆ ಬಾಳೆಹಣ್ಣಿಗಾಗಿ ಜಗ್ಗಾಡದೆ ಬಿಟ್ಟುಬಿಡಬೇಕು. ಇದನ್ನು ಹತ್ತುವ ಮೊದಲೇ ಹೇಳಿದರೆ ಒಳ್ಳೆಯದು.

ಇಷ್ಟು ಸುಲಭ. ಕಷ್ಟವಾದದ್ದು ಮುಂದಿದೆ, ಅದು ಹಿರಿಯರ ಪಾಲಿನದು.

ಕೋತಿಯೋ ನಾಯಿಯೋ ಪರಚಿದೆ, ಕಚ್ಚಿದೆ ಅಂತಿಟ್ಟುಕೊಳ್ಳಿ. "ಹೋಗಬೇಡ ಅಂದ್ರೂ ಯಾಕೆ ಹೋದೆ" ಅಂತ ಬೈಗುಳ ಬೀಳುತ್ತದೆಂದು ಮಗು ಗಾಯ ಮುಚ್ಚಿಟ್ಟುಕೊಳ್ಳುತ್ತದೆ. ಗಾಯವನ್ನು ಕೂಡಲೇ ಸೋಪು ನೀರಿನಿಂದ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿದರೆ ರೇಬೀಸ್ ತಡೆಯಬಹುದು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅಪರೂಪದಲ್ಲಿ ಅಪರೂಪ. ಹಾಗಾದರೆ ಆ ಮಗುವಿಗೆ ದೊಡ್ಡ ಅಪಾಯ ಯಾವುದು? ನಾಯಿಯ ಹಲ್ಲೋ, ಮನೆಯವರ ನಾಲಿಗೆಯೋ?

ಪರಿಚಯದವರೇ ಮಗುವನ್ನು ಮುಟ್ಟಬಾರದ ರೀತಿ ಮುಟ್ಟಿದಾಗಲೂ ಇದೇ ಮಾತು. "ಮಾಮ ಅಲ್ವಾ, ಮುತ್ತು ಕೊಡು" ಅಂತ ನಿತ್ಯ ಬಲವಂತ ಮಾಡಿದ ಮನೆಯಲ್ಲಿ, ತನ್ನ 'ಬೇಡ'ಕ್ಕೆ ಬೆಲೆಯಿಲ್ಲ ಅಂತ ಮಗು ಆಗಲೇ ಕಲಿತಿರುತ್ತದೆ. ಹಾಗಂತ ಬಿಟ್ಟರೆ ಮಗು ಉದ್ಧಟವಾಗದೇ ಅಂತ ಕೇಳುವವರಿದ್ದಾರೆ. ಗೌರವ ಬೇರೆ, ಶರಣಾಗತಿ ಬೇರೆ. ಅಪ್ಪಿಕೊಳ್ಳಲು ಒಲ್ಲದ ಮಗು ದೂರದಿಂದ ಕೈ ಮುಗಿದರೂ ಅದು ಪೂರ್ಣ ಗೌರವವೇ. ಶರಣಾಗತಿ ಸಲ್ಲಬೇಕಾದದ್ದು ಭಗವಂತನಿಗೆ, ವಯಸ್ಸಾದ ಮಾತ್ರಕ್ಕೆ ಮನುಷ್ಯರಿಗಲ್ಲ.

ಆದ್ದರಿಂದ ಮಕ್ಕಳ ರಕ್ಷಣೆಯಲ್ಲಿ ಮೊದಲು ಪಾಠ ಕಲಿಯಬೇಕಾದವರು ದೊಡ್ಡವರೇ. ಮಗು 'ಬೇಡ' ಅಂದಾಗ ಒಮ್ಮೆ ನಿಂತು ಕೇಳಬೇಕು. ತಪ್ಪು ಮಾಡಿ ಬಂದು ನಿಜ ಹೇಳಿದರೆ ಮೊದಲು ತಬ್ಬಿಕೊಳ್ಳಬೇಕು, ಬುದ್ಧಿಮಾತು ಆಮೇಲೆ. ಮಕ್ಕಳ ಸಹಾಯವಾಣಿ 1098, ತುರ್ತು ಸೇವೆ 112; ಎರಡೂ ಉಚಿತ, ಮನೆಯ ಗೋಡೆಯ ಮೇಲೆ ಬರೆದಿಡುವಂಥವು. ಆದರೆ ಮಗು ಎಲ್ಲಕ್ಕಿಂತ ಮೊದಲು ಕರೆಯುವುದು ಅಮ್ಮನನ್ನು, ಅಪ್ಪನನ್ನು. ಆ ಕರೆಗೆ ಬೈಗುಳ ಎದುರಾಗಬಾರದು.

ದೇವಿಯ ಕೈಯಲ್ಲಿ ಖಡ್ಗವಿದೆ, ಆದರೂ ಭಕ್ತರು ಹೆದರುವುದಿಲ್ಲ. ತಪ್ಪು ಮಾಡಿದವರೂ ಅವಳ ಮುಂದೆ ನಿಂತು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ದರ್ಶನ ಮುಗಿಸಿ ಇಳಿಯುವಾಗ ಪ್ರಸಾದದ ಜೊತೆ ಅಷ್ಟನ್ನು ಮನೆಗೆ ಒಯ್ದರೆ ಸಾಕು. ಮಕ್ಕಳೂ ಹಾಗೆಯೇ ಹೆದರದೆ ಬಂದು ಹೇಳಿಕೊಳ್ಳುವಂಥ ತಾಯಿ, ತಂದೆ ಪ್ರತಿ ಮನೆಯಲ್ಲೂ ಇರಲಿ. ಜಗನ್ಮಾತೆ ಎಲ್ಲ ಮಕ್ಕಳನ್ನೂ ಕಾಪಾಡಲಿ.