ಕೊಂಡವನ ಸಾಕ್ಷಿ

ಹೊಸದಾಗಿ ಏನನ್ನಾದರೂ ಕೊಂಡವನನ್ನು ಕಂಡೊಡನೆ ನಾವು ಕೇಳುವ ಮೊದಲ ಪ್ರಶ್ನೆ ‘ಎಷ್ಟಾಯಿತು?’ ಎಂಬುದು; ಎರಡನೆಯದು ‘ಹೇಗಿದೆ?’ ಎಂಬುದು. ಮೊದಲನೆಯದಕ್ಕೆ ಬರುವ ಉತ್ತರದಲ್ಲಿ ನೂರಿನ್ನೂರು ರೂಪಾಯಿಗಳ ಹೆಚ್ಚುಕಡಿಮೆ ಇದ್ದೀತು. ಎರಡನೆಯದಕ್ಕೆ ಬರುವ ಉತ್ತರದಲ್ಲಿ ಎಷ್ಟು ಹೆಚ್ಚುಕಡಿಮೆ ಇದೆಯೆಂದು ನಾವು ಯೋಚಿಸುವುದೇ ಇಲ್ಲ. ‘ಚೆನ್ನಾಗಿದೆ’ ಎನ್ನುತ್ತೇವೆ, ಕೇಳಿದವರು ತಲೆದೂಗುತ್ತಾರೆ, ಮಾತು ಮಳೆಬೆಳೆಯ ಕಡೆಗೆ ಹೊರಳುತ್ತದೆ. ಆದರೆ ಕೇಳಿದವರು ಮುಂದಿನ ವಾರ ಅದೇ ವಸ್ತುವನ್ನು ತಮ್ಮ ಮನೆಗೂ ತಂದರೆ, ನಾವಾಡಿದ ಆ ಒಂದು ಮಾತು ಮಾತಾಗಿ ಉಳಿಯುವುದಿಲ್ಲ, ಅದು ಸಾಕ್ಷಿಯಾಗುತ್ತದೆ. ಸಾಕ್ಷಿ ಹೇಳುವವನಿಗೆ ಇರುವ ಹೊಣೆ ನಮಗೂ ಇದೆಯೇ? ಇದ್ದರೆ ಎಷ್ಟು?

ಪ್ರಶ್ನೆಯನ್ನು ಗಾಳಿಯಲ್ಲಿ ಬಿಡದೆ ಒಂದು ಸಾಧಾರಣ ವಸ್ತುವಿಗೆ ಕಟ್ಟಿ ನೋಡೋಣ. ಸೂರತ್ತಿನ ಪಾಂಡೇಸರಾ ಬಟ್ಟೆಗೆ ಬಣ್ಣ ಹಾಕುವ, ಅಚ್ಚೊತ್ತುವ ಗಿರಣಿಗಳ ನೆಲೆ. ಆಚೀಚೆ ವಿದ್ಯುತ್ ಮಗ್ಗಗಳ ಸಾಲು. ಒಡಿಶಾದ ಗಂಜಾಂ ಜಿಲ್ಲೆಯಿಂದ, ಉತ್ತರ ಪ್ರದೇಶ, ಬಿಹಾರ, ಮಹಾರಾಷ್ಟ್ರಗಳಿಂದ ದುಡಿಯಲು ಬಂದವರ ನಡುವೆ ನಮ್ಮ ಕಡೆಯ ಕೆಲವು ಸಂಸಾರಗಳೂ ಇವೆ. ಊರು, ನೆಂಟರು ದೂರ. ವಾರದ ರಜೆಯ ದಿನ ಮನೆಯಲ್ಲೇ ಒಂದು ಸಿನಿಮಾ ನೋಡಬೇಕು, ಅದೂ ಚಿತ್ರಮಂದಿರದ ಧ್ವನಿಯಲ್ಲಿ, ಎಂಬುದು ಇಲ್ಲಿಯ ಅನೇಕರ ಆಸೆ. ಆ ಆಸೆಗೆ ಮಾರುಕಟ್ಟೆ ಕೊಡುವ ಉತ್ತರವೇ ಹೋಮ್ ಥಿಯೇಟರ್ ರಿಸೀವರ್. ಧ್ವನಿಸಂಕೇತವನ್ನು ಬಿಡಿಸಿ, ಮುಂದೆ ಮೂರು, ಪಕ್ಕಕ್ಕೋ ಹಿಂದಕ್ಕೋ ಎರಡು, ಹೀಗೆ ಐದು ಸ್ಪೀಕರುಗಳಿಗೆ ಹಂಚಿ, ಗುಡುಗಿನಂಥ ತಗ್ಗಿನ ಸದ್ದನ್ನು ಸಬ್‌ವೂಫರ್ ಎಂಬ ಆರನೆಯದಕ್ಕೆ ಕಳಿಸುವುದು ಅದರ ಕೆಲಸ. ಡಬ್ಬಿಯ ಮೇಲಿನ 5.1 ಎಂಬ ಅಂಕಿಯ ಅರ್ಥ ಇಷ್ಟೇ. 1992ರಲ್ಲಿ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದೊಡನೆ ಡಾಲ್ಬಿ ಸಂಸ್ಥೆ ಚಿತ್ರಮಂದಿರಗಳಿಗೆ ತಂದ ಡಿಜಿಟಲ್ ಧ್ವನಿ ಕೆಲವೇ ವರ್ಷಗಳಲ್ಲಿ ಮನೆಯೊಳಕ್ಕೂ ಬಂತು. ಅಗ್ಗದ ದರ್ಜೆಯದೆಂದು ಮಾರುವ ರಿಸೀವರ್ ಕೂಡ ಮಗ್ಗದ ಕೆಲಸಗಾರನ ಒಂದು ತಿಂಗಳ ದುಡಿಮೆಯನ್ನು ನುಂಗಬಲ್ಲದು. ಅಗ್ಗವೆಂಬುದು ಕೊಳ್ಳುವವನ ಕಿಸೆಯ ಮೇಲೆ ನಿಂತ ಮಾತು.

ಇಂಥ ವಸ್ತುವಿನ ಗುಣವನ್ನು ಕೊಳ್ಳುವ ಮೊದಲು ತಿಳಿಯುವುದು ಹೇಗೆ? ಅಂಗಡಿಯಲ್ಲಿ ಕೇಳಿದ ಧ್ವನಿ ಅಂಗಡಿಯ ಕೋಣೆಯ ಧ್ವನಿ. ಮನೆಯ ಗೋಡೆ, ನೆಲ, ಪರದೆಗಳು ಅದನ್ನು ಬೇರೆಯಾಗಿಸುತ್ತವೆ. ಡಬ್ಬಿಯ ಮೇಲಿನ ವ್ಯಾಟುಗಳನ್ನು ನೋಡೋಣವೆಂದರೆ, ಪಿ.ಎಂ.ಪಿ.ಒ. ಎಂಬ ಹೆಸರಿನಲ್ಲಿ ಸಾವಿರಗಟ್ಟಲೆ ವ್ಯಾಟುಗಳನ್ನು ಅಚ್ಚು ಹಾಕಿ ಮಾರಿದ ಕಾಲವನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಉಬ್ಬಿದ ಅಂಕಿಗಳ ಕಾಟಕ್ಕೆಂದೇ ಅಮೆರಿಕದಲ್ಲಿ 1974ರಷ್ಟು ಹಿಂದೆಯೇ ಆಂಪ್ಲಿಫೈಯರಿನ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕೆಂದು ಸರ್ಕಾರ ನಿಯಮ ಮಾಡಬೇಕಾಯಿತು. ಅಂಕಿ ನಿಜವಾಗಿದ್ದರೂ ಅದು ಹೇಳುವುದು ಕಡಿಮೆ. ವ್ಯಾಟು ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ವ್ಯಾಟು ಬೇಕು. ಹೀಗೆ ಅಂಗಡಿಯೂ ಡಬ್ಬಿಯೂ ಕೈಬಿಟ್ಟ ಮೇಲೆ ಉಳಿಯುವುದು ಒಂದೇ ದಾರಿ: ಈಗಾಗಲೇ ಕೊಂಡವನನ್ನು ಕೇಳುವುದು.

ಪಾಂಡೇಸರಾದ ಸುತ್ತಮುತ್ತ ಹೆಚ್ಚುಕಡಿಮೆ ಒಂದೇ ದರ್ಜೆಯ ರಿಸೀವರ್ ಕೊಂಡ ಮೂವರ ಮಾತನ್ನು ನಾನು ಕೇಳಿದ್ದೇನೆ. ದಕ್ಷಿಣ ಕನ್ನಡದಿಂದ ಬಂದು ಹೋಟೆಲಿನ ಗಲ್ಲಾದಲ್ಲಿ ಕುಳಿತುಕೊಳ್ಳುವವರೊಬ್ಬರು ‘ಕೊಟ್ಟ ದುಡ್ಡಿಗೆ ಮೋಸವಿಲ್ಲ, ಆದರೆ ಹಿಂದಿನ ಸ್ಪೀಕರುಗಳು ಸುಮ್ಮನೆ ಕೂತಿರುತ್ತವೆ’ ಎಂದರು. ಅವರ ಮನೆಯಲ್ಲಿ ನಡೆಯುವುದು ಬಹುಪಾಲು ಹಳೆಯ ಕನ್ನಡ ಚಿತ್ರಗಳು. ‘ಬೇಡರ ಕಣ್ಣಪ್ಪ’ ತೆರೆಕಂಡ 1954ರ ಕಾಲದ ಚಿತ್ರಗಳಲ್ಲಿ ಧ್ವನಿಗೆ ಇದ್ದದ್ದು ಒಂದೇ ವಾಹಿನಿ. ಹಿಂದಿನ ಸ್ಪೀಕರಿಗೆಂದು ಅಲ್ಲಿ ಏನೂ ಮುದ್ರಿತವಾಗಿಲ್ಲ. ಬಣ್ಣದ ಗಿರಣಿಯ ಇನ್ನೊಬ್ಬರು ‘ಒಂದೇ ವರ್ಷಕ್ಕೆ ಕೆಟ್ಟಿತು, ಯಾರೂ ಕೊಳ್ಳಬೇಡಿ’ ಎಂದರು. ಅವರು ಅದನ್ನು ಗಾಜಿನ ಬಾಗಿಲಿನ ಕಪಾಟಿನೊಳಗೆ, ಮೇಲೆ ಎರಡು ಬೆರಳು ಜಾಗವನ್ನೂ ಬಿಡದೆ ಇಟ್ಟಿದ್ದರು. ರಿಸೀವರ್ ಕೆಲಸ ಮಾಡುತ್ತ ಕಾಯುವ ವಸ್ತು. ಸೂರತ್ತಿನ ಬೇಸಗೆಯಲ್ಲಿ ಗಾಳಿಯಾಡದಿದ್ದರೆ ಅದರ ಆಯುಸ್ಸು ಇಳಿಯುತ್ತದೆ. ಮೂರನೆಯವನು ಗಂಜಾಂ ಕಡೆಯ ಮಗ್ಗದ ಕೆಲಸಗಾರ. ‘ಸದ್ದು ಬರುತ್ತದೆ, ಮಾತು ಮಾತ್ರ ತಿಳಿಯುವುದಿಲ್ಲ’ ಎಂಬುದು ಅವನ ದೂರು.

ಈ ಮೂರನೆಯ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕು. ಸೂರತ್ತಿನ ಮಗ್ಗದ ಶೆಡ್ಡುಗಳಲ್ಲಿ ಹನ್ನೆರಡು ಗಂಟೆಗಳ ಪಾಳಿ ಸಾಮಾನ್ಯ. ಕಾರ್ಖಾನೆಯ ನಿಯಮಗಳು ದಿನಕ್ಕೆ 8 ಗಂಟೆಗಳ ಮಟ್ಟಿಗೆ ಒಪ್ಪುವ ಸದ್ದು 90 ಡೆಸಿಬಲ್; ಸಾಲುಸಾಲು ಮಗ್ಗಗಳು ಬಡಿಯುವ ಶೆಡ್ಡಿನಲ್ಲಿ ಸದ್ದು ಅದನ್ನು ಮೀರುವುದೂ ಉಂಟು. ವರ್ಷಗಟ್ಟಲೆ ಇಂಥ ಸದ್ದು ಬಿದ್ದ ಕಿವಿ ಮೊದಲು ಕಳೆದುಕೊಳ್ಳುವುದು 4,000 ಹರ್ಟ್ಸ್ ಆಸುಪಾಸಿನ ಎತ್ತರದ ಸ್ವರಗಳನ್ನು. ಸ, ಶ, ತ ಮುಂತಾದ ವ್ಯಂಜನಗಳ ಸ್ಪಷ್ಟತೆ ಇಂಥ ಎತ್ತರದ ಸ್ವರಗಳನ್ನು ನಂಬಿದೆ. ಅವು ಮಸುಕಾದರೆ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಆ ಕೆಲಸಗಾರ ರಿಸೀವರಿನ ವಿಷಯ ಹೇಳಿದ್ದಾನೋ, ತನ್ನ ಕಿವಿಯ ವಿಷಯ ಹೇಳಿದ್ದಾನೋ? ಅವನು ಸುಳ್ಳಾಡಿಲ್ಲ. ಕೇಳಿದ್ದನ್ನು ಕೇಳಿದಂತೆಯೇ ಹೇಳಿದ್ದಾನೆ. ಆದರೂ ಆ ಮಾತನ್ನು ನಂಬಿ ಇನ್ನೊಬ್ಬ ಬೇರೆ ರಿಸೀವರ್ ಕೊಂಡರೆ ದುಡ್ಡು ವ್ಯರ್ಥವಾಗಬಹುದು.

ನಂಬತಕ್ಕ ಮಾತು ಯಾರದು ಎಂಬ ವಿಚಾರವನ್ನು ನಮ್ಮ ಹಿರಿಯರು ಆಳವಾಗಿಯೇ ನಡೆಸಿದ್ದಾರೆ. ನ್ಯಾಯದರ್ಶನದಲ್ಲಿ ಶಬ್ದವೂ ಒಂದು ಪ್ರಮಾಣ. ಆದರೆ ಅದು ಆಪ್ತನ ಮಾತಾಗಿರಬೇಕು. ಆಪ್ತನೆಂದರೆ ಯಾರು? ವಸ್ತುವನ್ನು ತಾನೇ ನೇರವಾಗಿ ಅರಿತು, ಅರಿತಂತೆಯೇ ತಿಳಿಸುವ ಇಚ್ಛೆಯುಳ್ಳವನು ಎಂದು ಭಾಷ್ಯಕಾರ ವಾತ್ಸ್ಯಾಯನ ಹೇಳುತ್ತಾನೆ. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಲಕ್ಷಣ ಎಲ್ಲರಿಗೂ ಒಂದೇ ಎಂದೂ ಸೇರಿಸುತ್ತಾನೆ. ಈ ದೃಷ್ಟಿಯಿಂದ ನೋಡಿದರೆ ವಸ್ತುವನ್ನು ಕೊಂಡು, ಬಳಸಿ, ಬಲ್ಲವನಿಗಿಂತ ದೊಡ್ಡ ಆಪ್ತನಿಲ್ಲ. ಅವನು ಮಗ್ಗದವನಾದರೂ ಸರಿ, ಮಾಲೀಕನಾದರೂ ಸರಿ.

ಆದರೆ ಧರ್ಮಶಾಸ್ತ್ರದ ಕಡೆಗೆ ತಿರುಗಿದರೆ ಬೇರೊಂದು ಮಾತು ಎದುರಾಗುತ್ತದೆ. ಯಾಜ್ಞವಲ್ಕ್ಯ ಸ್ಮೃತಿ ಸಾಕ್ಷಿಗೆ ಅನರ್ಹರಾದವರ ಪಟ್ಟಿಯಲ್ಲಿ ‘ಆಪ್ತ’ನನ್ನೂ ‘ಅರ್ಥಸಂಬಂಧಿ’ಯನ್ನೂ ಸೇರಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದವನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ. ಇಲ್ಲಿ ಆಪ್ತನೆಂದರೆ ಬಳಕೆಯ ಕನ್ನಡದಲ್ಲಿರುವಂತೆ ಹತ್ತಿರದವನು, ಗೆಳೆಯ. ಅರ್ಥಸಂಬಂಧಿಯೆಂದರೆ ವಿವಾದದ ವಸ್ತುವಿನಲ್ಲಿ ಹಣಕಾಸಿನ ಹಿತವುಳ್ಳವನು. ಅಂದರೆ ಒಂದೇ ಪದ ಒಂದು ಶಾಸ್ತ್ರದಲ್ಲಿ ನಂಬಿಕೆಗೆ ಅರ್ಹತೆ, ಇನ್ನೊಂದರಲ್ಲಿ ಅನರ್ಹತೆ. ಕೊಂಡವನ ಸ್ಥಿತಿಯೂ ಇದೇ. ವಸ್ತುವನ್ನು ಅವನಷ್ಟು ಬಲ್ಲವರಿಲ್ಲ. ವಸ್ತುವಿನ ವಿಷಯದಲ್ಲಿ ಅವನಷ್ಟು ಹಿತಾಸಕ್ತಿಯುಳ್ಳವರೂ ಇಲ್ಲ. ಅವನನ್ನು ಬಲ್ಲವನನ್ನಾಗಿ ಮಾಡಿದ್ದು ಅವನು ಕೊಟ್ಟ ದುಡ್ಡು; ಅರ್ಥಸಂಬಂಧಿಯನ್ನಾಗಿ ಮಾಡಿದ್ದೂ ಅದೇ ದುಡ್ಡು.

‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆ ಈ ಹಿತಾಸಕ್ತಿಯ ಸ್ವರೂಪವನ್ನು ಬಲ್ಲದು. 1956ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾಕ್ ಬ್ರೆಮ್ ನಡೆಸಿದ ಪ್ರಯೋಗ ಅದನ್ನೇ ಬೇರೆ ರೀತಿಯಲ್ಲಿ ಕಂಡಿತು. ಟೋಸ್ಟರ್, ಕೈರೇಡಿಯೋ ಮುಂತಾದ ಕೆಲವು ವಸ್ತುಗಳನ್ನು ಮಹಿಳೆಯರ ಮುಂದಿಟ್ಟು, ಯಾವುದು ಎಷ್ಟು ಇಷ್ಟವೆಂದು ಅಂಕ ಕೊಡಿಸಿದರು. ಆಮೇಲೆ ಎರಡರಲ್ಲಿ ಒಂದನ್ನು ಆರಿಸಿ ಇಟ್ಟುಕೊಳ್ಳಿರೆಂದು ಹೇಳಿ, ಮತ್ತೆ ಅಂಕ ಕೇಳಿದರು. ಆರಿಸಿಕೊಂಡದ್ದರ ಅಂಕ ಏರಿತ್ತು, ಬಿಟ್ಟದ್ದರ ಅಂಕ ಇಳಿದಿತ್ತು. ಎರಡೂ ಹೆಚ್ಚುಕಡಿಮೆ ಸಮವಾಗಿದ್ದಾಗ ಈ ಏರಿಳಿತ ಇನ್ನೂ ಹೆಚ್ಚು. ವಸ್ತು ಬದಲಾಗಿರಲಿಲ್ಲ, ಅದು ‘ನನ್ನದು’ ಆಗಿತ್ತು, ಅಷ್ಟೆ. ಆ ಮಹಿಳೆಯರು ಸುಳ್ಳಾಡಿದರೆಂದು ಯಾರೂ ಹೇಳಲಾರರು. ತಮ್ಮ ಆಯ್ಕೆಯೊಡನೆ ನೆಮ್ಮದಿಯಿಂದ ಬಾಳಲು ಮನಸ್ಸು ಮಾಡಿಕೊಂಡ ಏರ್ಪಾಡು ಅದು. ಇದಕ್ಕೆ ಎದುರಾಗಿ, ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಹಟವೂ ಉಂಟು. ಒಮ್ಮೆ ಕೆಟ್ಟ ರಿಸೀವರನ್ನು ಕಂಡವನಿಗೆ ಆ ಕಂಪನಿಯ ರಿಸೀವರುಗಳೆಲ್ಲ ಕೆಟ್ಟವೇ. ಹೊಗಳಿಕೆಯಂತೆ ತೆಗಳಿಕೆಯೂ ಪಕ್ಷಪಾತಿ.

ಹಾಗಾದರೆ ನೂರಾರು ಜನರ ಅಭಿಪ್ರಾಯಗಳನ್ನು ಕೂಡಿಸಿ ಸರಾಸರಿ ತೆಗೆದರೆ ಆಗದೇ ಎಂದು ಕೇಳಬಹುದು. ತಪ್ಪುಗಳು ಎಡಕ್ಕೂ ಬಲಕ್ಕೂ ಸಮನಾಗಿ ಚದುರಿದ್ದರೆ ಆಗುತ್ತಿತ್ತು. ಆದರೆ ಮೆಚ್ಚಿ ಉಬ್ಬಿದವನೂ ಸಿಟ್ಟಿನಿಂದ ಉರಿಯುವವನೂ ತಾವಾಗಿ ಬಾಯಿ ತೆರೆಯುತ್ತಾರೆ. ‘ಪರವಾಗಿಲ್ಲ’ ಎನ್ನುವವನು ಸುಮ್ಮನಿರುತ್ತಾನೆ. ಕಾಸು ಪಡೆದು ಹೊಗಳುವವರ ಮಾತು ಬೇರೆಯೇ ಇದೆ. ಅಂತರ್ಜಾಲದಲ್ಲಿ ಗ್ರಾಹಕರು ಬರೆಯುವ ಅಭಿಪ್ರಾಯಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐ.ಎಸ್. 19000 ಎಂಬ ಮಾನದಂಡವನ್ನು ಹೊರಡಿಸಬೇಕಾಯಿತು. ಬರೆದವನು ನಿಜವಾದ ವ್ಯಕ್ತಿಯೇ ಎಂದು ಮಾನದಂಡ ಪರೀಕ್ಷಿಸಬಹುದು. ಅವನ ಕೋಣೆ ಎಷ್ಟು ದೊಡ್ಡದು, ಅವನ ಕಿವಿ ಹೇಗಿದೆ, ಅವನು ನೋಡುವುದು ಯಾವ ಚಿತ್ರ, ಇವನ್ನು ಅವನೇ ಹೇಳಬೇಕು.

ಹೇಗೆ ಹೇಳಬೇಕೆಂಬುದನ್ನು ಕಲಿಯಲು ಪಾಂಡೇಸರಾದಿಂದ ಹೊರಗೆ ಹೋಗಬೇಕಾಗಿಲ್ಲ. ಈ ಬಟ್ಟೆಯ ಬಣ್ಣ ಹೇಗಿದೆ ಎಂದು ಬಣ್ಣದ ಪರೀಕ್ಷೆ ನಡೆಸುವ ಪ್ರಯೋಗಶಾಲೆಯನ್ನು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುವುದಿಲ್ಲ. ಒಗೆತಕ್ಕೆ ಇಷ್ಟು, ಒಣಗಿದ್ದಾಗ ಉಜ್ಜಿದರೆ ಇಷ್ಟು, ಒದ್ದೆಯಾಗಿದ್ದಾಗ ಉಜ್ಜಿದರೆ ಇಷ್ಟು, ಬೆಳಕಿಗೆ ಇಷ್ಟು ಎಂದು ಒಂದೊಂದಕ್ಕೂ ಬೇರೆ ಬೇರೆ ಅಂಕ ಬರುತ್ತದೆ. ಒಗೆತಕ್ಕೂ ಉಜ್ಜುವಿಕೆಗೂ 1ರಿಂದ 5ರವರೆಗಿನ ಬೂದುಬಣ್ಣದ ಪಟ್ಟಿಗಳು, ಬೆಳಕಿಗೆ 1ರಿಂದ 8ರವರೆಗಿನ ನೀಲಿ ಉಣ್ಣೆಯ ಮಾದರಿಗಳು ಅಳತೆಗೋಲು. ಎರಡು ತುಂಡುಗಳ ಬಣ್ಣ ಒಂದೇ ಎನ್ನಬೇಕಾದರೂ ಯಾವ ದೀಪದಡಿ ಎಂದು ಹೇಳಬೇಕು. ಒಂದು ಬೆಳಕಿನಲ್ಲಿ ಕೂಡಿದ ಬಣ್ಣಗಳು ಇನ್ನೊಂದರಲ್ಲಿ ಬೇರೆಯಾಗುತ್ತವೆಂಬುದು ಬಣ್ಣಗಾರನ ನಿತ್ಯದ ಪಾಠ. ನಮ್ಮ ತಾಯಂದಿರು ಇದನ್ನು ಯಾವ ಪ್ರಯೋಗಶಾಲೆಯಲ್ಲೂ ಕಲಿಯಲಿಲ್ಲ. ಸೂರತ್ತಿನ ಸೀರೆಯ ಬಗ್ಗೆ ನೆರೆಮನೆಯವರು ಕೇಳಿದರೆ ‘ಮೂರು ಒಗೆತ ಕಂಡಿದೆ, ಬಣ್ಣ ಬಿಟ್ಟಿಲ್ಲ, ಇಸ್ತ್ರಿ ಜೋರಾಗಿ ತಾಗಿಸಬೇಡಿ’ ಎನ್ನುತ್ತಿದ್ದರು. ಅದರಲ್ಲಿ ತೀರ್ಪು ಕಡಿಮೆ, ಕಂಡದ್ದು ಹೆಚ್ಚು. ಎಷ್ಟು ಕಾಲ ಬಳಸಿದ್ದು, ಹೇಗೆ ಬಳಸಿದ್ದು, ಏನಾಯಿತು, ಎಲ್ಲವೂ ಒಂದೇ ಉಸಿರಿನಲ್ಲಿ ಇತ್ತು.

ಇದೇ ಕೊಂಡವನ ಧರ್ಮವೆಂದು ನನಗೆ ತೋರುತ್ತದೆ. ಅವನು ಸಾಕ್ಷಿ, ನ್ಯಾಯಾಧೀಶನಲ್ಲ. ‘ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ, ಎಂಟು ತಿಂಗಳು, ಹೆಚ್ಚಾಗಿ ಹಳೆಯ ಸಿನಿಮಾ, ಎರಡು ಗಂಟೆಯಲ್ಲಿ ಕಾದು ಬಿಸಿಯಾಗುತ್ತದೆ, ಒಮ್ಮೆ ರಿಪೇರಿಗೆ ಹೋಗಿತ್ತು’ ಎಂದು ಹೇಳಿದರೆ ಸಾಕು. ತೀರ್ಪನ್ನು ಕೇಳುವವನು ತನ್ನ ಕೋಣೆಗೂ ಕಿಸೆಗೂ ತಕ್ಕಂತೆ ಮಾಡಿಕೊಳ್ಳುತ್ತಾನೆ. ಹೀಗೆ ಹೇಳಿದಾಗ ಹೇಳುವವನ ಹಿತಾಸಕ್ತಿ ಅಳಿಯುವುದಿಲ್ಲ, ಆದರೆ ಅದಕ್ಕೆ ಅವಿತುಕೊಳ್ಳುವ ಜಾಗ ಕಡಿಮೆಯಾಗುತ್ತದೆ. ಮಗ್ಗದ ಕೆಲಸಗಾರನೂ ‘ಮಗ್ಗದಲ್ಲಿ ಹದಿನೈದು ವರ್ಷ ದುಡಿದ ಕಿವಿ ನನ್ನದು’ ಎಂದು ಸೇರಿಸಿದ್ದರೆ ಅವನ ಮಾತಿಗೆ ಪೂರ್ಣ ಬೆಲೆ ಬರುತ್ತಿತ್ತು. ಅಂಥದೇ ಕಿವಿಯ ಅವನ ಜೊತೆಗಾರರಿಗಂತೂ ಅದಕ್ಕಿಂತ ಉಪಯುಕ್ತವಾದ ಸಾಕ್ಷಿ ಬೇರೆ ಇರುತ್ತಿರಲಿಲ್ಲ.

ಹಾಗೆಂದು ಸತ್ಯವನ್ನು ಎಲ್ಲರ ಮುಂದೂ ಒಂದೇ ರೀತಿ ಸುರಿಯಬೇಕೆಂದಲ್ಲ. ಕೊಳ್ಳಲು ಹೊರಟವನೂ ಕೊಂಡು ಬಂದವನೂ ಕೇಳುವ ‘ಹೇಗಿದೆ?’ ಒಂದೇ ಅಲ್ಲ. ಕೊಂಡು ತಂದು, ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಮುಖ ಅರಳಿಸಿ ಕೇಳುವವನಿಗೆ ಅದರ ಕುಂದುಗಳ ಪಟ್ಟಿ ಓದುವುದು ಪ್ರಾಮಾಣಿಕತೆಯ ಹೆಸರಿನ ಒರಟುತನ. ‘ಕಪಾಟಿನಿಂದ ಹೊರಗಿಡಿ, ಗಾಳಿಯಾಡಲಿ’ ಎಂಬಂಥ ಉಪಯೋಗದ ಮಾತೊಂದು ಸಾಕು. ದುಡ್ಡು ಇನ್ನೂ ಕಿಸೆಯಲ್ಲಿರುವವನ ಮುಂದೆ ಮಾತ್ರ ದಾಕ್ಷಿಣ್ಯ ದೋಷವಾಗುತ್ತದೆ.

ಇನ್ನೊಬ್ಬ ಸಾಕ್ಷಿಯನ್ನು ನಾವು ಕರೆಯುವುದೇ ಇಲ್ಲ: ಗೋಡೆಯಾಚೆಯ ನೆರೆಯವನು. ಪಾಂಡೇಸರಾದಂಥ ಕಡೆ ಎರಡು ಮನೆಗಳ ನಡುವೆ ಇರುವುದು ಒಂದು ಇಟ್ಟಿಗೆಯ ಗೋಡೆ, ಆ ಗೋಡೆಯಾಚೆ ರಾತ್ರಿಪಾಳಿ ಮುಗಿಸಿ ಹಗಲು ಮಲಗಿದವನಿರಬಹುದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ. ಸಬ್‌ವೂಫರಿನ ಗುಡುಗಿಗೆ ಮಾಲೀಕ ಐದಕ್ಕೆ ಐದು ಅಂಕ ಕೊಟ್ಟಾಗ ನೆರೆಯವನು ಎಷ್ಟು ಕೊಡುತ್ತಿದ್ದನೆಂದು ಒಮ್ಮೆ ಕೇಳಿಕೊಂಡರೂ ಸಾಕ್ಷಿ ಇನ್ನಷ್ಟು ಪೂರ್ಣವಾದೀತು.

ಇಷ್ಟೆಲ್ಲ ವಿಚಾರ ಒಂದು ರಿಸೀವರಿಗೆ ಬೇಕೇ ಎಂದು ಓದುಗರು ನಗಬಹುದು. ರಿಸೀವರ್ ಒಂದು ನೆಪ. ಹೊರನಾಡಿಗೆ ಬಂದ ನಾವು ಮೊದಲ ಬಾಡಿಗೆ ಮನೆಯನ್ನು, ಮಕ್ಕಳ ಶಾಲೆಯನ್ನು, ವೈದ್ಯರನ್ನು, ಚೀಟಿ ಕಟ್ಟುವ ಜಾಗವನ್ನು ಆರಿಸಿಕೊಂಡದ್ದು ‘ನಮ್ಮವರು ಹೇಳಿದರು’ ಎಂಬ ಒಂದೇ ಆಧಾರದ ಮೇಲೆ. ಭಾಷೆ ಬಾರದ ಊರಿನಲ್ಲಿ ನಮ್ಮವರ ಮಾತೇ ನಮಗೆ ದಾರಿದೀಪವಾಗಿತ್ತು, ಈಗ ಬರುವವರಿಗೂ ಆಗಿದೆ. ಹೀಗೆ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಒಂದು ತಪ್ಪು ಆಯ್ಕೆಯನ್ನು ಸುಲಭವಾಗಿ ಸಹಿಸಬಲ್ಲ ಸ್ಥಿತಿಯಲ್ಲಿ ಇರುವುದಿಲ್ಲ. ಆದ್ದರಿಂದ ಅವರು ‘ಹೇಗಿದೆ?’ ಎಂದು ಕೇಳಿದಾಗ ‘ಚೆನ್ನಾಗಿದೆ’ ಎಂಬ ಮಾತನ್ನು ಸ್ವಲ್ಪ ತಡೆದು, ಎಷ್ಟು ದಿನ ಬಳಸಿದೆವು, ಏನು ಕಂಡೆವು ಎಂಬುದನ್ನು ಮೊದಲು ಹೇಳೋಣ.