ತತ್ಸಮಾನ

ಊರಿಂದ ಅಣ್ಣ ಫೋನ್ ಮಾಡಿದ್ದ. ಅಣ್ಣ ಅಂದರೆ ದೊಡ್ಡಪ್ಪನ ಮಗ. "ನೀನು ಬೆಂಗಳೂರಲ್ಲಿ ಜನರನ್ನ ಕೆಲಸಕ್ಕೆ ತಗೊಳ್ಳೋನಲ್ವಾ, ಒಂದು ವಿಷಯ ಹೇಳು. ಇಲ್ಲಿ ಅರ್ಜೀಲಿ 'ಪಿಯುಸಿ ಅಥವಾ ತತ್ಸಮಾನ' ಅಂತ ಹಾಕಿದ್ದಾರೆ. ಈ ತತ್ಸಮಾನ ಅಂದ್ರೆ ಎಂತ ಮಾರಾಯ? ಹದಿನೆಂಟು ವರ್ಷ ಲಾಂಚಲ್ಲಿ ಇದ್ದದ್ದು ಅದಕ್ಕೆ ಬರ್ತದಾ?"

"ನೋಡಿ ಹೇಳ್ತೀನಿ" ಅಂದೆ. ಉತ್ತರ ಆಗಲೇ ಗೊತ್ತಿತ್ತು, ಹೇಳೋಕೆ ಬಾಯಿ ಬರಲಿಲ್ಲ.

ನಮ್ಮದು ತುಮರಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಸಾಗರ ಪೇಟೆಗೂ ನಮಗೂ ನಡುವೆ ಶರಾವತಿಯ ಹಿನ್ನೀರು ಬಂದು ನಿಂತಿತು. ಆಮೇಲೆ ನಮ್ಮ ಬದುಕೆಲ್ಲ ಲಾಂಚಿನ ಟೈಮಿಗೆ ಹೊಂದಿಕೊಂಡಿತು. ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿ ಸಾಗರದಲ್ಲಿ ಕಾಲೇಜಿಗೆ ಸೇರಿದ್ದ. ಬೆಳಗಿನ ಲಾಂಚ್ ತಪ್ಪಿದರೆ ಕ್ಲಾಸಿಲ್ಲ, ಸಂಜೆಯದ್ದು ತಪ್ಪಿದರೆ ಮನೆಯಿಲ್ಲ. ಒಂದು ವರ್ಷ ಒದ್ದಾಡಿ ಬಿಟ್ಟ. ಕೆಲವು ವರ್ಷ ಕಳೆದು ಅದೇ ಲಾಂಚಿನಲ್ಲಿ ಕೆಲಸಕ್ಕೆ ಸೇರಿದ. ಓದಿಗೆ ಅಡ್ಡ ಬಂದ ನೀರೇ ಅವನಿಗೆ ಅನ್ನ ಕೊಟ್ಟಿತು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅಣ್ಣನ ಮಗಳು ಈಗ ಬಸ್ಸಲ್ಲೇ ಕಾಲೇಜಿಗೆ ಹೋಗುತ್ತಾಳೆ. ಅವನಿಗೆ ಖುಷಿಯೇ. ಆದರೆ ಲಾಂಚಿಗೆ ಮೊದಲಿನ ಕೆಲಸ ಇಲ್ಲ, ಅವನಿಗೂ ಇಲ್ಲ.

ಅಣ್ಣನಿಗೆ ಏನು ಗೊತ್ತಿತ್ತು ಅಂತ ಯೋಚಿಸಿದೆ. ಬಸ್ಸು, ಕಾರು, ಬೈಕು, ಜನ ಎಲ್ಲ ಒಟ್ಟಿಗೆ ಬಂದಾಗ ಯಾವುದನ್ನ ಎಲ್ಲಿ ನಿಲ್ಲಿಸಿದರೆ ಲಾಂಚ್ ವಾಲುವುದಿಲ್ಲ ಅನ್ನೋದು ಗೊತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಮೇಲೇಳುತ್ತವೆ. ಮೇಲೆ ಕಾಣುವುದಕ್ಕಿಂತ ಮುಂಚೆ ಅವು ಎಲ್ಲಿವೆ ಅಂತ ಅವನಿಗೆ ಗೊತ್ತಿತ್ತು. ನಾನು ಬಿಇ ಮೊದಲ ವರ್ಷದಲ್ಲಿ ಗುರುತ್ವ ಕೇಂದ್ರದ ಲೆಕ್ಕ ಮಾಡಿ ಒಳ್ಳೆ ಮಾರ್ಕ್ಸ್ ತಗೊಂಡವನು. ಇವತ್ತಿಗೂ ಒಂದು ಬೈಕನ್ನೂ ತೇಲುವ ಹಲಗೆ ಮೇಲೆ ನಿಲ್ಲಿಸಿದವನಲ್ಲ.

ಹಾಗಂತ ಅವನಿಗೆ ಸುಮ್ಮನೆ ಸರ್ಟಿಫಿಕೇಟ್ ಕೊಟ್ಟುಬಿಡಬೇಕಾ? ಅದೂ ಸರಿ ಅನ್ನಿಸುವುದಿಲ್ಲ.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಬಂದಿದೆ. 2020ರ ಹೊಸ ಶಿಕ್ಷಣ ನೀತಿಯ ಬೆನ್ನಿಗೆ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, 2023ರಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂದವು. 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 1200 ಗಂಟೆ ಅಂದರೆ 40 ಕ್ರೆಡಿಟ್. ಕೆಲಸದ ಅನುಭವದಿಂದ ಕಲಿತದ್ದಕ್ಕೂ, ಪರೀಕ್ಷಿಸಿ ನೋಡಿದ ಮೇಲೆ, ಕ್ರೆಡಿಟ್ ಕೊಡಬಹುದು ಅನ್ನುತ್ತದೆ ಆ ಚೌಕಟ್ಟು.

ಎಂಜಿನಿಯರ್ ಬುದ್ಧಿ, ಲೆಕ್ಕ ಹಾಕಿದೆ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ, 18 ವರ್ಷ. ಒಟ್ಟು 43,200 ಗಂಟೆ, 1440 ಕ್ರೆಡಿಟ್. ನಾಲ್ಕು ವರ್ಷದ ಪದವಿಗೆ 160 ಅಂತ ಹಿಡಿದರೆ ಅಣ್ಣನಿಗೆ ಒಂಬತ್ತು ಡಿಗ್ರಿ! ನಗು ಬಂತು. ಹದಿನೆಂಟನೇ ವರ್ಷ ಅವನು ಮಾಡಿದ್ದು ಬಹುಪಾಲು ಹದಿನೇಳನೇ ವರ್ಷ ಮಾಡಿದ್ದನ್ನೇ. ಗಂಟೆ ಕಳೆದ ಮಾತ್ರಕ್ಕೆ ಕಲಿತ ಹಾಗಾಗುವುದಿಲ್ಲ.

ಆದರೆ ಆ ಮಾತು ನನಗೂ ಅನ್ವಯಿಸಬೇಕಲ್ಲ? ಕಾಲೇಜಿನ ಹಿಂದಿನ ಬೆಂಚಲ್ಲಿ ನಾನು ನಿದ್ದೆ ಮಾಡಿದ ಗಂಟೆಗಳೂ, ಗೆಳೆಯ ನನ್ನ ಬದಲು "ಪ್ರೆಸೆಂಟ್ ಸಾರ್" ಅಂದ ಗಂಟೆಗಳೂ ಹಾಜರಿಯಲ್ಲಿ ಸೇರಿವೆ. ಪರೀಕ್ಷೆ ಅಂತ ಒಂದಿತ್ತು, ಪಾಸಾದೆ, ಯಾರೂ ಕೇಳಲಿಲ್ಲ. ಅಣ್ಣನಿಗೆ ತಪ್ಪಿದ್ದು ಆ ಪರೀಕ್ಷೆ. ಅವನು ಫೇಲಾಗಲಿಲ್ಲ, ಅವನನ್ನು ಯಾರೂ ಕೂರಿಸಿ ಕೇಳಲೇ ಇಲ್ಲ.

ಫ್ರಾನ್ಸಿನಲ್ಲಿ 2002ರಲ್ಲಿ ಒಂದು ಕಾನೂನು ಬಂತು. ಕೆಲಸದಲ್ಲಿ ಕಲಿತದ್ದನ್ನು ತೀರ್ಪುಗಾರರ ಮುಂದೆ ತೋರಿಸಿ ಇಡೀ ಪದವಿಯನ್ನೇ ಪಡೆಯಬಹುದು. ಅಷ್ಟು ದೂರ ಯಾಕೆ, ನಮ್ಮಲ್ಲೇ ಡಿಪ್ಲೊಮಾ ಮಾಡಿದವರು ನೇರ ಎರಡನೇ ವರ್ಷದ ಬಿಇಗೆ ಬರುತ್ತಾರೆ. ನಮ್ಮ ಕ್ಲಾಸಿಗೂ ಬಂದಿದ್ದರು. ಗಣಿತದಲ್ಲಿ ಸ್ವಲ್ಪ ತಿಣುಕಿದರು, ಲ್ಯಾಬಿನಲ್ಲಿ ನಮಗೇ ಹೇಳಿಕೊಟ್ಟರು. ಆಕಾಶ ಬೀಳಲಿಲ್ಲ. ಆದರೆ ಅವರದ್ದೂ ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ ಬಂದ ದಾರಿ. ಕಾಲೇಜಿನ ಹೊರಗಿಂದ ಬರುವವರಿಗೆ ಬಾಗಿಲು ಸಣ್ಣದು.

ಹೊರಗಿನವರಿಗೆ ನಾವು ಬೇರೆ ಏನೋ ಕೊಡುತ್ತೇವೆ. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಒಳ್ಳೆಯದೇ ಆಯಿತು. ಆದರೆ ಗೌರವ ಸಿಗುವುದು ಸಾವಿರದಲ್ಲಿ ಒಬ್ಬರಿಗೆ, ಅದೂ ಬಾಳಿನ ಕೊನೆಗೆ. ನೂರು ಹೆರಿಗೆ ಮಾಡಿಸಿದ ನಲವತ್ತರ ಹೆಂಗಸಿಗೆ ಬೇಕಾದ್ದು ಶಾಲು, ಹಾರ ಅಲ್ಲ. "ನಿಂಗೆ ಇಷ್ಟು ಗೊತ್ತಿದೆ, ಇನ್ನಿಷ್ಟು ಕಲಿ, ನರ್ಸ್ ಆಗು" ಅನ್ನುವವರು ಬೇಕು. ಗೌರವ ದೊಡ್ಡವರ ಔದಾರ್ಯ. ಕ್ರೆಡಿಟ್ ಅನ್ನೋದು ಸಿಗಬೇಕಾದ ಬಾಕಿ.

ಡಿಗ್ರಿ ನನಗೆ ಕೊಟ್ಟ ದೊಡ್ಡ ಲಾಭ ಜ್ಞಾನ ಅಂತ ನನಗನ್ನಿಸುವುದಿಲ್ಲ. ಅದು ಎಲ್ಲ ಊರಲ್ಲೂ ನಡೆಯುವ ನೋಟು. ಅಣ್ಣನ ವಿದ್ಯೆ ಆ ಹೊಳೆಯಲ್ಲಿ ಮಾತ್ರ ನಡೆಯುವ ನಾಣ್ಯವಾಗಿತ್ತು. ಹೊಳೆ ದಾಟೋದು ಬೇಡ ಅಂತಾದ ದಿನ ಅದು ಚಲಾವಣೆ ಕಳಕೊಂಡಿತು. ಅವನ ಜಾಣತನ ಒಂದು ಗುಂಜಿ ಕಡಿಮೆಯಾಗದೆ ಬೆಲೆ ಸೊನ್ನೆಯಾಯಿತು. ಊರಿಗೆ ಒಳ್ಳೆಯದಾದ ಸೇತುವೆ ಅದು, ಬೇಡ ಅನ್ನೋಕಾಗಲ್ಲ. ಆದರೆ ಹಳೇ ನಾಣ್ಯ ಬದಲಿಸಿಕೊಡುವ ಒಂದು ಕೌಂಟರ್ ತೆರೆಯದೆ ನಾವು ಮುಂದೆ ಹೋಗಿಬಿಡುವುದು ನ್ಯಾಯವಾ?

"ನಾವು" ಅಂತ ಬರೆದೆ. "ನಾನು" ಅನ್ನಬೇಕಿತ್ತು. ಹೋದ ವರ್ಷ ನಮ್ಮ ಟೀಮಿಗೆ ಒಬ್ಬ ಹುಡುಗ ಅರ್ಜಿ ಹಾಕಿದ್ದ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತು ಕೋಡಿಂಗ್ ಕಲಿತವನು. ತಾನು ಬರೆದ ಆ್ಯಪಿನ ಲಿಂಕ್ ಕಳಿಸಿದ್ದ. ವಿದ್ಯಾರ್ಹತೆಯ ಕಾಲಂ ಖಾಲಿ ಇತ್ತು. ಲಿಂಕ್ ತೆರೆಯದೆ ರಿಜೆಕ್ಟ್ ಒತ್ತಿದೆ. ಅವತ್ತು ಇನ್ನೂರು ಅರ್ಜಿ ನೋಡೋದಿತ್ತು, ಟೈಮಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, "ಎಲ್ಲಿ ಓದಿದೆ?" ಅಂತ ಕೇಳೋದು ಸುಲಭ. "ಏನು ಬರುತ್ತದೆ, ತೋರಿಸು" ಅಂತ ಕೇಳಬೇಕಾದರೆ ಕೂತು ನೋಡಬೇಕು, ನೋಡೋಕೆ ನಮಗೂ ಬರಬೇಕು. ಆ ಕಷ್ಟ ತಪ್ಪಿಸಿಕೊಳ್ಳೋಕೆ ನಾವು ಡಿಗ್ರಿ ಕೇಳುತ್ತೇವೆ.

ನಾಲ್ಕು ದಿನ ಬಿಟ್ಟು ಅಣ್ಣನಿಗೆ ಫೋನ್ ಮಾಡಿದೆ. "ತತ್ಸಮಾನ ಅಂದ್ರೆ ಬೇರೆ ಬೋರ್ಡಿನ ಸರ್ಟಿಫಿಕೇಟ್ ಅಷ್ಟೇ ಅಣ್ಣ. ಲಾಂಚ್ ಬರಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಪರೀಕ್ಷೆ ಬೇಡ ಅಂತ ನಾನು ಹೇಳಿಲ್ಲಲ ಮಾರಾಯ. ಮಾಡ್ಲಿ. ನೀರಿಗೆ ಕರ್ಕೊಂಡು ಹೋಗಿ ಮಾಡ್ಲಿ."

ಆ ಅರ್ಜಿಯ ಕೊನೇ ದಿನ ದಾಟಿತು. ಈ ಸಲ ನಮ್ಮ ಟೀಮಿನ ಜಾಹೀರಾತಿನಲ್ಲಿ "ಬಿಇ ಅಥವಾ ತತ್ಸಮಾನ" ಅನ್ನುವುದರ ಕೆಳಗೆ ಒಂದು ಸಾಲು ಸೇರಿಸಿದ್ದೇನೆ: ಪದವಿ ಇಲ್ಲದವರು ತಾವು ಮಾಡಿದ ಕೆಲಸ ಕಳಿಸಿ, ನಾವು ತೆರೆದು ನೋಡುತ್ತೇವೆ. ಎಚ್‌ಆರ್‌ನವರು ಇನ್ನೂ ಒಪ್ಪಿಲ್ಲ. ನಾಳೆ ಮತ್ತೆ ಕೇಳಬೇಕು.